ಹಳೆಯ ಮಸಣದ ಬೀಗ ತೆಗೆದದ್ದು

"ಗುರುಗಳೇ, ನಿಮ್ಮ ಗದ್ದಿಗೆಯನ್ನು ಎಲ್ಲಿ ಕಟ್ಟಿಸಬೇಕು?" ಎಂದು ಶಿಷ್ಯ ಕೇಳಿದ.

ಬದುಕಿರುವವರನ್ನೇ ಸಮಾಧಿಯ ಜಾಗ ಕೇಳಿ ತಾನೇ ಬೆದರಿದ. ಗುರುಗಳಿಗೆ ಎಂಬತ್ತು ದಾಟಿತ್ತು. ಹೋದ ತಿಂಗಳು ಎರಡು ವಾರ ಜ್ವರದಲ್ಲಿ ಮಲಗಿ ಎದ್ದಿದ್ದರು. ಮಠದ ಹೆಬ್ಬಾಗಿಲ ಬಲಗಡೆ ಒಂದು ಜಾಗ, ಹಿಂದೆ ಬಾವಿಯ ಹತ್ತಿರ ಒಂದು ಜಾಗ, ಎರಡನ್ನೂ ಶಿಷ್ಯ ಹೆಜ್ಜೆ ಹಾಕಿ ಅಳೆದು ಬಂದಿದ್ದ. ಯಾವುದು ಆಗಬಹುದೆಂದು ಅವರ ಬಾಯಿಂದಲೇ ಹೇಳಿಸಿಬಿಟ್ಟರೆ ಮುಂದೆ ಯಾರೂ ತಕರಾರು ತೆಗೆಯುವಂತಿಲ್ಲ ಎಂದು ಅವನು ಯೋಚಿಸಿದ್ದ.

ಗುರುಗಳು ಸಿಟ್ಟಾಗಲಿಲ್ಲ. "ಕೂತುಕೋ. ಅವಸರ ನಿನಗಿರಬಹುದು, ನನಗಿಲ್ಲ" ಎಂದು ನಕ್ಕರು. ಆಮೇಲೆ ಹೇಳತೊಡಗಿದರು.

ಒಂದು ಊರಿನ ಹೊರಗೆ ಒಂದು ಮಸಣವಿತ್ತು. ಊರು ಬೆಳೆಯಿತು. ಬೆಳೆಯುತ್ತ ಬೆಳೆಯುತ್ತ ಮಸಣವನ್ನೇ ಸುತ್ತುವರಿಯಿತು. ನಾಲ್ಕು ಕಡೆ ನಾಲ್ಕು ಬೀದಿಗಳಾದವು. ಮನೆಗೆ ಮನೆ ಅಂಟಿತು. ಕಿಟಕಿ ತೆಗೆದರೆ ಗೋರಿ ಕಾಣುತ್ತದೆಂದು ಜನ ಆ ಕಡೆಗೆ ಕಿಟಕಿಯನ್ನೇ ಇಡಲಿಲ್ಲ. ಕೊನೆಗೆ ಪುರಸಭೆಯವರು ಕೆರೆಯ ಆಚೆ ಬೇರೆ ಜಾಗ ಕೊಟ್ಟು, ಹಳೆಯದಕ್ಕೆ ಬೀಗ ಹಾಕಿಸಿದರು. ಹಾಗೆ ಬೀಗ ಬಿದ್ದು ನಲವತ್ತು ವರ್ಷವಾಗಿತ್ತು.

ಬೀಗದ ಕೈ ಇದ್ದದ್ದು ಮಂಚಯ್ಯನ ಸೊಂಟದಲ್ಲಿ. ಅವನ ತಾತ, ಅವನ ಅಪ್ಪ, ಆಮೇಲೆ ಅವನು, ಮೂರು ತಲೆಮಾರು ಅಲ್ಲಿ ಗುಂಡಿ ತೋಡಿದವರು. ಈಗ ತೋಡುವ ಕೆಲಸವಿಲ್ಲ, ಕಾಯುವ ಕೆಲಸ. ಒಳಗೆ ಲಂಟಾನ ಆಳೆತ್ತರ ಬೆಳೆದಿತ್ತು. ಕತ್ತಾಳೆ ಬೆಳೆದಿತ್ತು. ನಡುವೆ ಒಂದು ಹುಣಸೆ, ಮೂಲೆಯಲ್ಲಿ ಒಂದು ಹೊಂಗೆ. ಗೇಟಿನಿಂದ ಒಳಕ್ಕೆ ಒಂದೇ ಒಂದು ಕಾಲುದಾರಿ. ಅದು ಊರಿನ ಜವಳಿ ವ್ಯಾಪಾರಿ ಗುರುಸಿದ್ದಪ್ಪನವರ ತಂದೆಯ ಸಮಾಧಿಗೆ ಹೋಗುವ ದಾರಿ. ಕರಿಕಲ್ಲಿನ ಸಮಾಧಿ, ಮೇಲೊಂದು ಗೋಪುರ, ಸುತ್ತ ಕಬ್ಬಿಣದ ಕಟಕಟೆ. ಅಷ್ಟು ದೊಡ್ಡದು ಅಲ್ಲಿ ಅದೊಂದೇ. ವ್ಯಾಪಾರಿ ಪ್ರತಿ ಸೋಮವಾರ ಬೆಳಿಗ್ಗೆ ಹೂವು ತರುತ್ತಿದ್ದರು. ಮಂಚಯ್ಯ ಬೀಗ ತೆಗೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಅವರು ಹೂವಿಟ್ಟು ಕೈಮುಗಿದು ಹೋಗುತ್ತಿದ್ದರು. ಇಷ್ಟು ವರ್ಷಗಳಲ್ಲಿ "ಬರಲಾ ಮಂಚಯ್ಯ", "ಹೋಗ್ಬನ್ನಿ ಯಜಮಾನ್ರೆ" ಎಂಬುದರಾಚೆ ಅವರ ನಡುವೆ ಮಾತು ಬೆಳೆದದ್ದಿಲ್ಲ.

ಮಂಚಯ್ಯನಿಗೆ ಓದು ಬರಹ ಬಾರದು. ಆದರೆ ಬೇರೆಯವರು ಮಗ್ಗಿ ಕಲಿತ ಹಾಗೆ ಅವನು ಮಸಣವನ್ನು ಕಲಿತಿದ್ದ. ಅಪ್ಪ ಅವನನ್ನು ನಡೆಸಿಕೊಂಡು ಹೋಗಿ ಬಾಯಿಪಾಠ ಮಾಡಿಸಿದ್ದ. ಹುಣಸೆಯಿಂದ ಮೂಡಲಿಗೆ ಹತ್ತು ಹೆಜ್ಜೆ, ಬಳೆಗಾರರ ತಿಮ್ಮಕ್ಕ. ಅಲ್ಲಿಂದ ಎಡಕ್ಕೆ ನಾಲ್ಕು, ಅವಳ ಸೊಸೆ. ಹೀಗೆ ಮುನ್ನೂರಕ್ಕೂ ಮೇಲೆ. ಪುರಸಭೆಯ ದಫ್ತರವನ್ನು ಗೆದ್ದಲು ತಿಂದು ಹಾಕಿತ್ತು. ಮಂಚಯ್ಯನ ತಲೆಯಲ್ಲಿದ್ದದ್ದು ಮಾತ್ರ ಉಳಿದಿತ್ತು. ಅಪ್ಪ ಸಾಯುವಾಗ ಅವನಿಗೆ ಒಂದು ಮಾತು ಹೇಳಿದ್ದ: "ಕೇಳದವರಿಗೆ ಹೇಳಬೇಡ. ಕೇಳಿದವರಿಗೆ ಸುಳ್ಳು ಹೇಳಬೇಡ." ನಲವತ್ತು ವರ್ಷ ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಆ ನಾಲ್ಕು ಬೀದಿಗಳ ಮಕ್ಕಳಿಗೆ ಆಡಲು ಜಾಗವಿರಲಿಲ್ಲ. ರಸ್ತೆಯೇ ಅವರ ಬಯಲು. ಒಂದು ದಿನ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯ ಕಾಲಿನ ಮೇಲೆ ಟೆಂಪೋ ಹತ್ತಿತು. ಜೀವ ಉಳಿಯಿತು. ಆದರೆ ಆ ಹುಡುಗಿಯ ಕೂಗನ್ನು ಎದುರು ಮನೆಯ ಸಾಕಮ್ಮ ಕೇಳಿದರು. ಸಾಕಮ್ಮ ಮೂವತ್ತು ವರ್ಷ ಅದೇ ಬೀದಿಯ ಶಾಲೆಯಲ್ಲಿ ಮೇಡಂ ಆಗಿದ್ದು ನಿವೃತ್ತರಾದವರು. ಸುತ್ತಲಿನ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಅವರು ಅವತ್ತೇ ಮನೆಯ ಮಹಡಿ ಹತ್ತಿ, ಇಷ್ಟು ವರ್ಷ ನೋಡಬಾರದೆಂದು ನೋಡದೆ ಇದ್ದ ಕಡೆ ನೋಡಿದರು. ಎರಡು ಎಕರೆ. ನಾಲ್ಕು ಬೀದಿಗಳ ನಡುವೆ ಎರಡು ಎಕರೆ ಮಣ್ಣು, ಗಾಳಿ, ನೆರಳು!

ಮಾರನೆಯ ದಿನ ಬೆಳಿಗ್ಗೆ ಪುರಸಭೆಯ ಬಾಗಿಲು ತೆಗೆಯುವ ಮೊದಲೇ ಅವರು ಬಾಗಿಲಲ್ಲಿದ್ದರು.

ಅಧ್ಯಕ್ಷರು ಒಳ್ಳೆಯವರೇ. "ಈ ವರ್ಷ ಒಂದು ಉದ್ಯಾನ ಮಂಜೂರಾಗಿದೆ ಮೇಡಂ. ಜಾಗ ತೋರಿಸದಿದ್ದರೆ ಪಕ್ಕದ ಊರಿಗೆ ಹೋಗುತ್ತೆ. ಆದರೆ ಅದು ಮಸಣ. ಅಲ್ಲಿ ಮಲಗಿರುವವರ ಕಡೆಯವರು ಒಬ್ಬೊಬ್ಬರೂ ಒಪ್ಪಿ ಸಹಿ ಹಾಕಬೇಕು. ಒಬ್ಬರು ಬೇಡ ಅಂದರೂ ನಾನು ಮುಟ್ಟಲ್ಲ. ಇವತ್ತಿಗೆ ಇಪ್ಪತ್ತೊಂದನೆಯ ದಿನ ಸಾಯಂಕಾಲ ನಾಲ್ಕು ಗಂಟೆಗೆ ಸಭೆ" ಎಂದರು.

"ಅಲ್ಲಿ ಯಾರು ಯಾರು ಇದ್ದಾರೆ?"

"ಅದು ನನಗೂ ಗೊತ್ತಿಲ್ಲ."

ಸಾಕಮ್ಮ ಅಲ್ಲಿಂದ ನೇರವಾಗಿ ಮಸಣದ ಗೇಟಿಗೆ ಬಂದರು. ಅಷ್ಟು ಹೊತ್ತಿಗೆ ಸುದ್ದಿ ಚಹದಂಗಡಿಗೆ ಮುಟ್ಟಿ, ಅಲ್ಲಿಂದ ಮಂಚಯ್ಯನಿಗೂ ಮುಟ್ಟಿತ್ತು. ಅವನು ಗೇಟಿಗೆ ಬೆನ್ನು ಕೊಟ್ಟು ಕೂತಿದ್ದ.

"ನನ್ನ ಜನದ ಎದೆ ಮೇಲೆ ಜೋಕಾಲಿ ಕಟ್ತೀರಾ ಮೇಡಮ್ಮ?" ಎಂದ.

ಸಾಕಮ್ಮ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. "ನಿನ್ನ ಜನ ಅಂದೆಯಲ್ಲ ಮಂಚಯ್ಯ. ಯಾರು ಯಾರು ಅಂತ ನನಗೆ ಹೇಳ್ತೀಯಾ?"

ಮಂಚಯ್ಯ ಅವರ ಮುಖವನ್ನೇ ನೋಡಿದ. ಕೊನೆಗೂ ಒಬ್ಬರು ಕೇಳಿದ್ದರು. ಅವನು ಎದ್ದು ಬೀಗ ತೆಗೆದ. ಕುಡುಗೋಲಿನಲ್ಲಿ ಲಂಟಾನ ಸರಿಸುತ್ತ ಮುಂದೆ ಮುಂದೆ ನಡೆದ. ಹೇಳತೊಡಗಿದ. ಮೊದಮೊದಲು ತಡವರಿಸಿದ. ಆಮೇಲೆ ತಡೆಯಿಲ್ಲ. ಸಾಕಮ್ಮ ಹಳೆಯ ಹಾಜರಿ ಪುಸ್ತಕ ತಂದು ಬರೆದುಕೊಂಡರು. ಅವತ್ತು ಮುಗಿಯಲಿಲ್ಲ. ಮಾರನೆಯ ದಿನವೂ ಮುಗಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೊಂಗೆಮರದ ಹತ್ತಿರ ಬಂದು ನಿಂತಾಗ ಮಂಚಯ್ಯನ ಕಣ್ಣು ಹೊಳೆಯುತ್ತಿತ್ತು.

"ಇಲ್ಲಿ ಹದಿನೇಳು ಜನ. ಕೆರೆ ಏರಿ ಕಟ್ಟೋಕೆ ದೂರದಿಂದ ಬಂದೋರು. ಬೇನೆ ಬಂದು ಹೋದ್ರು. ಹೆಸರು ನನಗೂ ಗೊತ್ತಿಲ್ಲ" ಎಂದ. ಮತ್ತೇನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡ. ಸಾಕಮ್ಮ ಹದಿನೇಳು ಎಂದು ಬರೆದುಕೊಂಡರು.

ಆಮೇಲೆ ಅವನೇ ಮಾತು ತೆಗೆದ. "ಮೇಡಮ್ಮ, ಒಂದು ಮೂಳೆ ಆಚೆ ಬರಕೂಡದು. ಗಿಡಕ್ಕೆ ಎಲ್ಲಿ ಗುಂಡಿ, ನಡೆಯೋಕೆ ಎಲ್ಲಿ ದಾರಿ, ಅದನ್ನ ನಾನು ಹೇಳ್ತೀನಿ. ಆಗಬಹುದಾ?"

"ನೀನೇ ಹೇಳಬೇಕು. ಇನ್ಯಾರಿಗೆ ಗೊತ್ತು?" ಎಂದರು ಸಾಕಮ್ಮ.

ಅವತ್ತು ಮನೆಗೆ ಹೋಗುವಾಗ ಮಂಚಯ್ಯನಿಗೆ ಅರವತ್ತೆರಡು ವರ್ಷ ಎಂದರೆ ಯಾರೂ ನಂಬುತ್ತಿರಲಿಲ್ಲ.

ಇನ್ನು ಹದಿನೆಂಟು ದಿನ. ತೊಂಬತ್ತಾರು ಮನೆ. ಇಬ್ಬರೂ ಹಾಜರಿ ಪುಸ್ತಕ ಹಿಡಿದು ಹೊರಟರು. ಮೊದಲು ಬಳೆಗಾರರ ಮನೆ. ಸಹಿಯ ಮಾತು ಇನ್ನೂ ತೆಗೆದೇ ಇರಲಿಲ್ಲ, ಮಂಚಯ್ಯ ಹೇಳಿಬಿಟ್ಟ: "ನಿಮ್ಮಜ್ಜಿ ಹುಣಸೆಮರದ ಹತ್ರ ಅವಳೆ. ಪಕ್ಕದಲ್ಲೇ ನಿಮ್ಮವ್ವ." ಮನೆಯ ಯಜಮಾನಿ ಕೈಯಲ್ಲಿದ್ದ ಮೊರವನ್ನು ಹಾಗೇ ಇಟ್ಟು ಎದ್ದಳು. "ನಮ್ಮವ್ವ ಎಲ್ಲಿದ್ದಾಳೆ ಅಂತ ನಿಂಗೊತ್ತಾ? ಅವಳು ಹೋದಾಗ ನಾನು ಕಂಕುಳ ಕೂಸು. ತೋರ್ಸು, ಈಗಲೇ ತೋರ್ಸು!" ಎಂದು ಚಪ್ಪಲಿ ಮೆಟ್ಟದೆ ಓಡಿ ಬಂದಳು. ಅವಳ ಹಿಂದೆ ಅವಳ ಅತ್ತಿಗೆ, ಅತ್ತಿಗೆಯ ಹಿಂದೆ ಇಡೀ ಸಾಲು.

ಅಲ್ಲಿಂದ ಮುಂದೆ ಮನೆಮನೆಗೆ ಹೋಗುವ ಕೆಲಸವೇ ಉಳಿಯಲಿಲ್ಲ. ಜನ ಗೇಟಿಗೆ ಬಂದರು. ಬೆಳಿಗ್ಗೆ ಆರಕ್ಕೇ ಬಂದರು. ಮಚ್ಚು, ಗುದ್ದಲಿ, ಪೊರಕೆ, ಮಂಕರಿ, ಯಾರಿಗೆ ಏನು ಸಿಕ್ಕಿತೋ ಅದನ್ನು ಹಿಡಿದು ಬಂದರು. ತಮ್ಮವರ ಜಾಗ ಕಾಣಬೇಕಾದರೆ ನಡುವಿನ ಲಂಟಾನ ಕಡಿಯಬೇಕು. ಅವರು ಕಡಿದ ದಾರಿಯಲ್ಲಿ ಇನ್ನೊಬ್ಬರ ಜಾಗ ಕಾಣುತ್ತಿತ್ತು. ಕಮ್ಮಾರರ ತಾತನೂ ಗಾಣಿಗರ ತಾತನೂ ಬದುಕಿದ್ದಾಗ ಒಂದು ಮೋರಿಗಾಗಿ ಹನ್ನೆರಡು ವರ್ಷ ಕೋರ್ಟಿಗೆ ಅಲೆದವರು. ಮೊಮ್ಮಕ್ಕಳು ಈಗಲೂ ಮಾತಾಡರು. ಮಂಚಯ್ಯ ಇಬ್ಬರನ್ನೂ ಒಂದೇ ಕಡೆ ನಿಲ್ಲಿಸಿ, "ಇವರಿಬ್ಬರ ನಡುವೆ ಒಂದು ಮೊಳ ಜಾಗ. ನಮ್ಮಪ್ಪನಿಗೆ ಬೇರೆ ಕಡೆ ಸಿಗಲಿಲ್ಲ" ಎಂದ. ಇಬ್ಬರೂ ಒಂದು ಗಳಿಗೆ ಮುಖ ಮುಖ ನೋಡಿದರು. ಕಮ್ಮಾರರವನು ಮೊದಲು ನಕ್ಕ. ಗಾಣಿಗರವನಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದೇ ಪೆನ್ನಿನಲ್ಲಿ ಸಹಿ ಹಾಕಿದರು.

ಯಾರೋ ಬಾಯಾರಿಕೆಗೆ ಪಾನಕ ಮಾಡಿ ತಂದರು. ಮಾರನೆಯ ದಿನ ಇನ್ನೊಂದು ಬೀದಿಯವರು ಚಿತ್ರಾನ್ನ ತಂದರು. ಊರು ಬಿಟ್ಟು ಹೋದವರಿಗೆ ಸಾಕಮ್ಮ ಫೋನ್ ಮಾಡಿದರು. ಅವರೂ ಬಸ್ಸು ಹಿಡಿದು ಬಂದರು. ಎಲ್ಲರಿಗೂ ಮಂಚಯ್ಯನೇ ಬೇಕು. "ಮಂಚಯ್ಯನೋರೇ, ಇತ್ತ ಬನ್ನಿ", "ಮಂಚಯ್ಯನೋರೇ, ನಮ್ಮ ದೊಡ್ಡಪ್ಪನ್ನ ತೋರ್ಸಿ". ಇದುವರೆಗೆ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಅವನು ಹೆಸರನ್ನಷ್ಟೇ ಹೇಳಿ ಸುಮ್ಮನಾಗುತ್ತಿರಲಿಲ್ಲ. ಯಾರ ಜೊತೆ ಎಷ್ಟು ಜನ ಬಂದಿದ್ದರು, ಮಳೆ ಇತ್ತೋ ಬಿಸಿಲೋ, ಯಾರು ಬಿದ್ದು ಹೊರಳಾಡಿ ಅತ್ತರು, ಎಲ್ಲವನ್ನೂ ಹೇಳುತ್ತಿದ್ದ. ಕೇಳಿದವರು ಅಳುತ್ತಿದ್ದರು, ಅಳುತ್ತಲೇ ಗುದ್ದಲಿ ಎತ್ತುತ್ತಿದ್ದರು.

ಸಭೆಗೆ ಮೂರು ದಿನ ಉಳಿದಿರುವಾಗ ತೊಂಬತ್ತೈದು ಸಹಿಯಾಗಿತ್ತು.

ಉಳಿದದ್ದು ಒಂದು. ವ್ಯಾಪಾರಿ ಗುರುಸಿದ್ದಪ್ಪನವರದು.

ಸಾಕಮ್ಮ ಅವರ ಅಂಗಡಿಗೆ ಹೋದರು. ಒಂದು ಸಲ ಅಲ್ಲ, ಮೂರು ಸಲ. ಸಮಾಧಿಯನ್ನು ಮುಟ್ಟುವುದಿಲ್ಲ, ಕಟಕಟೆ ಇರಲಿ, ಸುತ್ತ ಹತ್ತು ಅಡಿ ಬಿಡುತ್ತೇವೆ ಎಂದರು. ವ್ಯಾಪಾರಿ ಗದರಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ತಲೆ ತಗ್ಗಿಸಿ ಹೇಳಿದರು: "ಮೇಡಂ, ನಮ್ಮಪ್ಪ ಹೋದಾಗ ನನಗೆ ಆರು ವರ್ಷ. ಅವರ ಮುಖ ನೆನಪಿಲ್ಲ. ಒಂದು ಫೋಟೊ ಕೂಡ ಇಲ್ಲ. ನನಗಿರೋದು ಆ ಕಲ್ಲು ಒಂದೇ. ಅಲ್ಲಿ ನಾನು ಮೌನವಾಗಿ ನಿಂತರೆ ಅವರು ಇದ್ದಾರೆ ಅನ್ನಿಸುತ್ತೆ. ಸುತ್ತ ಜನ ಕೇಕೆ ಹಾಕಿದರೆ ಅದೂ ಹೋಗುತ್ತೆ. ನನ್ನ ಕೈಲಿ ಆಗಲ್ಲ."

ಸಾಕಮ್ಮ ಎದ್ದು ಕೈಮುಗಿದರು. ಬಂದು ಮಂಚಯ್ಯನಿಗೆ ಹೇಳಿದರು. ಮಂಚಯ್ಯ ಬೆವರಿದ.

ಏಕೆಂದರೆ ಆ ಕಲ್ಲಿನ ಕೆಳಗೆ ಯಾರೂ ಇರಲಿಲ್ಲ.

ಅವತ್ತು ಗುಂಡಿ ತೋಡಿದವರು ಮಂಚಯ್ಯನ ಅಪ್ಪ ಮತ್ತು ಮಂಚಯ್ಯ. ವ್ಯಾಪಾರಿಯ ದೊಡ್ಡಪ್ಪ ಗೇಟಿನ ಎದುರಿಗೇ ಜಾಗ ತೋರಿಸಿದ್ದ, ಎಲ್ಲರ ಕಣ್ಣಿಗೆ ಬೀಳಲಿ ಎಂದು. ಎರಡು ಅಡಿ ಹೋಗುವಷ್ಟರಲ್ಲಿ ಹಾರೆ ಠಣ್ಣೆಂದಿತು. ಬಂಡೆ. ಪಕ್ಕಕ್ಕೆ ತೋಡಿದರು, ಅಲ್ಲೂ ಬಂಡೆ. ಶವ ಮನೆಯಿಂದ ಹೊರಟಾಗಿತ್ತು. ಚೈತ್ರದ ಬಿಸಿಲು. ಕೊನೆಗೆ ಮೂಲೆಯ ಹೊಂಗೆಮರದ ಕೆಳಗೆ, ಕೆರೆಯ ಕೆಲಸಕ್ಕೆ ಬಂದವರ ನಡುವೆ ಮೆತ್ತನೆಯ ಮಣ್ಣು ಸಿಕ್ಕಿತು. ಅಲ್ಲೇ ಮಲಗಿಸಿದರು. ಮೂರು ತಿಂಗಳಾದ ಮೇಲೆ ದೊಡ್ಡಪ್ಪ ಶಿಲ್ಪಿಗಳನ್ನು ಕರೆತಂದು, ಮೊದಲು ತೋರಿಸಿದ ಜಾಗದಲ್ಲೇ ಕಲ್ಲು ನಿಲ್ಲಿಸಿ, ಶವವನ್ನೂ ಅಲ್ಲಿಗೇ ಸಾಗಿಸಿದ್ದಾಯಿತೆಂದು ಊರಿಗೆಲ್ಲ ಹೇಳಿದ. "ಕೂಲಿಯವರ ಮಧ್ಯೆ ನಮ್ಮ ಮನೆತನದ ಸಮಾಧಿಯೇ? ಬಾಯಿ ಬಿಟ್ಟರೆ ನೋಡು" ಎಂದು ಅಪ್ಪ ಮಗನನ್ನು ಹೆದರಿಸಿದ. ಆ ದೊಡ್ಡಪ್ಪ ಸತ್ತೂ ಎಷ್ಟೋ ಕಾಲವಾಗಿತ್ತು.

ಈಗ ಮಂಚಯ್ಯ ಒಂದು ಮಾತು ಹೇಳಿದರೆ ಸಾಕು. ಸಹಿ ಬರಬಹುದು. ನಾಲ್ಕು ಬೀದಿಗಳ ಜನ, ಬೆಳಗಿನಿಂದ ಸಂಜೆಯವರೆಗೆ ಕಡಿದು ಗುಡಿಸಿದವರು, ಅವರೆಲ್ಲರ ಮುಖ ಅವನ ಕಣ್ಣ ಮುಂದೆ ಬಂತು. ಆ ಮುಖಗಳ ಜೊತೆಗೆ ಇನ್ನೊಂದೂ ಬಂತು, ಸೋಮವಾರ ಹೂವು ಹಿಡಿದು ನಿಲ್ಲುವ ಮುಖ. ಆ ಮನುಷ್ಯನಿಗೆ ಇರುವುದೇ ಅದೊಂದು. ಅದನ್ನೂ ಕಿತ್ತುಕೊಂಡು ಉದ್ಯಾನ ಮಾಡಬೇಕೇ? ಅವರು ಕೇಳಿದ್ದರೆ ಬೇರೆ ಮಾತು. ಅವರು ಕೇಳಿಲ್ಲ.

"ಬಿಡಿ ಮೇಡಮ್ಮ. ಬಲವಂತ ಬೇಡ" ಎಂದ. ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಇಪ್ಪತ್ತೊಂದನೆಯ ದಿನ ಸೋಮವಾರ. ವ್ಯಾಪಾರಿ ಎಂದಿನಂತೆ ಹೂವು ಹಿಡಿದು ಬಂದರು. ಹಿಂದಿನ ಎರಡು ಸೋಮವಾರ ಯಾರ ಕಡೆಗೂ ನೋಡದೆ ಹೂವಿಟ್ಟು ಹೋಗಿದ್ದವರು ಈಗ ಗೇಟಿನಲ್ಲೇ ನಿಂತರು. ಲಂಟಾನ ಒಂದೂ ಉಳಿದಿಲ್ಲ. ಈ ಕಡೆಯಿಂದ ಆ ಕಡೆಯವರೆಗೆ ಬಯಲು. ಸಹಿ ಬರುವುದಿಲ್ಲ ಎಂದು ಗೊತ್ತಿದ್ದೂ ಜನ ಬಂದಿದ್ದರು. ಅಲ್ಲಲ್ಲಿ ಗುಂಪುಗುಂಪಾಗಿ ಕೂತಿದ್ದರು, ಮಾತಾಡುತ್ತಿದ್ದರು. ಅಲ್ಲೊಂದು ಕಡೆ ಮಂಚಯ್ಯ ಒಬ್ಬ ಮುದುಕನಿಗೆ ಹೇಳುತ್ತಿದ್ದ: "ನಿಮ್ಮ ಅಣ್ಣನ್ನ ತಂದಾಗ ನಿಮ್ಮನೆ ಎತ್ತು ಹಗ್ಗ ಕಿತ್ಕೊಂಡು ಇಲ್ಲಿಗಂಟ ಬಂದಿತ್ತು." ಮುದುಕ ಚಪ್ಪಾಳೆ ತಟ್ಟಿ, "ಹೌದು, ಹೌದು! ಬಿಳೀ ಎತ್ತು!" ಎಂದು ಮಗುವಿನ ಹಾಗೆ ಕುಣಿದ.

ವ್ಯಾಪಾರಿ ಅದನ್ನು ಕೇಳಿಸಿಕೊಂಡರು. ಹೂವು ಕೈಯಲ್ಲೇ ಇತ್ತು. ಮೆಲ್ಲಗೆ ಮಂಚಯ್ಯನ ಹತ್ತಿರ ಬಂದರು.

"ಮಂಚಯ್ಯ, ನಮ್ಮಪ್ಪನನ್ನು ತಂದ ದಿನ ನೀನಿದ್ದೆಯಾ?"

ಮಂಚಯ್ಯ ಮುದುಕನನ್ನು ಬಿಟ್ಟು ತಿರುಗಿದ. "ಇದ್ದೆ ಯಜಮಾನ್ರೆ."

"ನನಗೂ ಏನಾದರೂ ಹೇಳಪ್ಪ. ಏನಾದರೂ."

ಅವರು ಕೇಳಿಬಿಟ್ಟಿದ್ದರು. ಮಂಚಯ್ಯ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ನಿಂತಲ್ಲೇ ಎಲ್ಲವನ್ನೂ ಹೇಳಿದ. ಬಂಡೆ ಸಿಕ್ಕಿದ್ದನ್ನು ಹೇಳಿದ. ಹೊಂಗೆಮರವನ್ನು ಹೇಳಿದ. ದೊಡ್ಡಪ್ಪನ ಮಾತನ್ನೂ ಹೇಳಿದ. ಯಾವುದನ್ನೂ ಮೆತ್ತಗೆ ಮಾಡಲಿಲ್ಲ.

ವ್ಯಾಪಾರಿಯ ಮುಖ ಕಪ್ಪಿಟ್ಟಿತು. "ನಲವತ್ತೆರಡು ವರ್ಷ ನಾನು ಬಂಡೆಗೆ ಹೂವಿಟ್ಟೆನೇನೋ? ನೀನು ಪಕ್ಕದಲ್ಲಿ ನಿಂತು ನೋಡಿದೆಯಾ?" ಎಂದು ಕಿರುಚಿದರು. ಕೂತಿದ್ದವರೆಲ್ಲ ಎದ್ದು ನಿಂತರು. ಮಂಚಯ್ಯ ತಲೆ ಎತ್ತಲಿಲ್ಲ. ವ್ಯಾಪಾರಿ ಹೂವನ್ನು ಅಲ್ಲೇ ಬಿಟ್ಟು ಮೂಲೆಯ ಕಡೆ ದಡದಡ ನಡೆದರು.

ಹೊಂಗೆಯ ಕೊಂಬೆಗೆ ಮಕ್ಕಳು ಆಗಲೇ ಹಗ್ಗ ಕಟ್ಟಿ ಜೀಕುತ್ತಿದ್ದರು. ವ್ಯಾಪಾರಿ ಬರುವ ಬಿರುಸಿಗೆ ಹೆದರಿ ಚೆಲ್ಲಾಪಿಲ್ಲಿಯಾದರು. ಅವರು ಮರದ ಕೆಳಗೆ ನಿಂತರು. ಅಲ್ಲಿ ಏನೂ ಇರಲಿಲ್ಲ. ಬರೀ ಮಣ್ಣು, ಮಕ್ಕಳ ಹೆಜ್ಜೆ, ಉದುರಿದ ಹೊಂಗೆ ಹೂವು. ಅವರು ಕುಸಿದು ಕೂತರು.

ಮಂಚಯ್ಯ ಹಿಂದೆಯೇ ಬಂದಿದ್ದ. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಹೇಳಿದ: "ಇನ್ನೊಂದು ಹೇಳೋದು ಉಳೀತು ಯಜಮಾನ್ರೆ. ನಿಮ್ಮಪ್ಪನೋರು ಅಂಗಡೀಲಿ ಬಟ್ಟೆ ಹರಿದಾಗ ಉಳಿದ ಅಂಚಿನ ತುಂಡು ಬಿಸಾಕ್ತಿರಲಿಲ್ಲ. ಆಷಾಢ ಬಂತು ಅಂದ್ರೆ ಊರ ಮಕ್ಕಳೆಲ್ಲ ಅವರ ಅಂಗಡಿ ಮುಂದೆ. ಗಾಳಿಪಟದ ಬಾಲಕ್ಕೆ ಒಬ್ಬೊಬ್ಬರಿಗೂ ಒಂದೊಂದು ತುಂಡು. ನಾನೂ ಚಿಕ್ಕೋನಿದ್ದಾಗ ಇಸ್ಕೊಂಡಿದ್ದೀನಿ. ನನಗೆ ಕೆಂಪು ಬೇಕು ಅಂದ್ರೆ ಕೆಂಪೇ ಹುಡುಕಿ ಕೊಡೋರು. ಅವರನ್ನ ಇಲ್ಲಿಗೆ ತಂದ ದಿನ ದೊಡ್ಡೋರಿಗಿಂತ ಮಕ್ಕಳೇ ಹೆಚ್ಚು. ಯಾರು ಬೈದ್ರೂ ಹೋಗಲಿಲ್ಲ. ನಾವು ಮಣ್ಣು ಎಳೆಯೋ ಮೊದಲು ಒಬ್ಬೊಬ್ಬರೇ ಬಂದು ಜೋಪಾನ ಮಾಡಿಟ್ಟಿದ್ದ ಗಾಳಿಪಟದ ಬಾಲ ಬಿಚ್ಚಿ ಗುಂಡಿಗೆ ಹಾಕಿದ್ರು. ಕೆಂಪು, ಹಸಿರು, ಹಳದಿ. ನಿಮ್ಮನ್ನ ಯಾರೋ ಎತ್ಕೊಂಡಿದ್ರು. ನಿಮ್ಮ ಕೈಲೂ ಒಂದಿತ್ತು. ನೀಲಿ."

ವ್ಯಾಪಾರಿ ಅಲುಗಾಡಲಿಲ್ಲ. ತುಟಿ ಮಾತ್ರ ಆಡಿತು. "ನೀಲಿ" ಎಂದರು. ಮತ್ತೆ, "ನೀಲಿ. ಹೌದು. ನನ್ನ ಕೈಯಿಂದ ಗಾಳಿಗೆ ಹಾರಿ ಹೋಯಿತು. ಅಪ್ಪ ನಗ್ತಾ ಓಡಿ ಹೋಗಿ ಹಿಡಿದುಕೊಟ್ಟರು. ಅದು ಆ ದಿನ ಅಲ್ಲ. ಅದಕ್ಕೂ ಮೊದಲು. ಅಂಗಡಿ ಮುಂದೆ. ಮಂಚಯ್ಯ, ಅವರಿಗೆ ಮುಂದಿನ ಹಲ್ಲು ಒಂದು ಮುರಿದಿತ್ತಾ?"

"ಮುರಿದಿತ್ತು ಯಜಮಾನ್ರೆ! ಎಡಗಡೇದು!"

"ಕಾಣ್ತಿದೆ ಕಣೋ!" ಎಂದು ವ್ಯಾಪಾರಿ ಎದ್ದು ನಿಂತು ಮಂಚಯ್ಯನ ಎರಡೂ ತೋಳು ಹಿಡಿದುಕೊಂಡರು. "ನನಗೆ ಮುಖ ಕಾಣ್ತಿದೆ!" ಐವತ್ತರ ಹತ್ತಿರದ ಮನುಷ್ಯ, ಊರಿಗೆ ದೊಡ್ಡವರು, ಎಲ್ಲರ ಎದುರಿಗೆ ಅಳುತ್ತಿದ್ದರು, ನಗುತ್ತಿದ್ದರು. ದೂರ ನಿಂತ ಮಕ್ಕಳಿಗೆ ಏನೂ ತಿಳಿಯಲಿಲ್ಲ. ವ್ಯಾಪಾರಿ ಅವರತ್ತ ತಿರುಗಿ ಕೈಬೀಸಿದರು. "ಯಾಕ್ರೋ ನಿಂತ್ರಿ? ಬನ್ನಿ. ಬಂದು ಆಡಿ."

ಸಾಕಮ್ಮ ಕಾಗದ ಹಿಡಿದು ಹತ್ತಿರ ಬರಲಿಲ್ಲ. ಮಂಚಯ್ಯ ಕಣ್ಣಿನಲ್ಲೇ ಬೇಡ ಎಂದಿದ್ದ. ಹನ್ನೆರಡಾಯಿತು. ಎರಡಾಯಿತು. ವ್ಯಾಪಾರಿ ಹೊಂಗೆಯ ಕೆಳಗೇ ಕೂತಿದ್ದರು. ಮಂಚಯ್ಯನನ್ನು ಕೇಳಿದ್ದನ್ನೇ ಕೇಳುತ್ತಿದ್ದರು. ಮೂರೂವರೆಗೆ ಅವರೇ ತಲೆ ಎತ್ತಿ, "ಮೇಡಂ, ಸಭೆ ಎಷ್ಟು ಹೊತ್ತಿಗೆ?" ಎಂದರು.

"ನಾಲ್ಕಕ್ಕೆ!"

"ಮತ್ತೆ ಇನ್ನೂ ಇಲ್ಲೇ ನಿಂತಿದ್ದೀರಲ್ಲ, ಕೊಡಿ ಇಲ್ಲಿ!"

ಮಂಚಯ್ಯನ ಬೆನ್ನ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಬಯಲಿನಲ್ಲಿ ಎದ್ದ ಕೂಗಿಗೆ ಹುಣಸೆಮರದ ಕಾಗೆಗಳೆಲ್ಲ ಹಾರಿದವು. ಮೂವರು ಕೂರುವ ಆಟೊದಲ್ಲಿ ಏಳು ಜನ ಕೂತರು. ಹಿಂದೆ ಸೈಕಲ್ಲು, ಅದರ ಹಿಂದೆ ಓಡುತ್ತ ಬಂದವರು. ಎಪ್ಪತ್ತು ವರ್ಷದ ಸಾಕಮ್ಮ ಪುರಸಭೆಯ ಮೆಟ್ಟಿಲನ್ನು ಸೀರೆ ಎತ್ತಿ ಹಿಡಿದು ಹಾರುತ್ತ ಹತ್ತಿದರು. ಅಧ್ಯಕ್ಷರು ಬೇರೆ ಕಡತ ಬಿಚ್ಚುತ್ತಿದ್ದರು. ಸಾಕಮ್ಮ ಅದರ ಮೇಲೆ ಹಾಜರಿ ಪುಸ್ತಕವನ್ನು ಪಟ್ಟೆಂದು ಇಟ್ಟು, "ತೊಂಬತ್ತಾರೂ ಹಾಜರು!" ಎಂದರು.

ಮುಂದಿನ ಕೆಲಸ ಐದು ತಿಂಗಳು ನಡೆಯಿತು. ಮಂಚಯ್ಯ ಕೋಲಿನಿಂದ ಗೆರೆ ಎಳೆದ ಕಡೆ ದಾರಿಯಾಯಿತು. ಅವನು ಕಲ್ಲಿಟ್ಟ ಕಡೆ ಗಿಡ ಬಂತು. ಪ್ರತಿ ಮನೆಯವರೂ ತಮ್ಮವರಿದ್ದ ಕಡೆ ಒಂದೊಂದು ಗಿಡ ನೆಟ್ಟರು. ಬಳೆಗಾರರು ಸಂಪಿಗೆ, ಕಮ್ಮಾರರು ಬೇವು. ವ್ಯಾಪಾರಿ ಕಬ್ಬಿಣದ ಕಟಕಟೆಯನ್ನೂ ಗೋಪುರವನ್ನೂ ತೆಗೆಸಿದರು. ಕರಿಕಲ್ಲಿನ ಜಗಲಿ ಮುದುಕರು ಕೂರಲು ಉಳಿಯಿತು. "ಕಲ್ಲನ್ನು ಹೊಂಗೆಯ ಕೆಳಗೆ ಸಾಗಿಸೋಣವೇ?" ಎಂದು ಮೇಸ್ತ್ರಿ ಕೇಳಿದ. "ಬೇಡಪ್ಪ. ಆ ಹದಿನೇಳು ಜನಕ್ಕೆ ಇಲ್ಲದ್ದು ನಮ್ಮಪ್ಪನಿಗೂ ಬೇಡ" ಎಂದರು ವ್ಯಾಪಾರಿ.

ಬೀಗ ತೆಗೆಯುವ ದಿನ ಬಂತು. ಯಾವ ದೊಡ್ಡವರನ್ನು ಕರೆಸಬೇಕೆಂದು ಚರ್ಚೆಯೇ ಆಗಲಿಲ್ಲ. ಎಲ್ಲರೂ ಮಂಚಯ್ಯನನ್ನು ಮುಂದೆ ತಳ್ಳಿದರು. ಅವನು ಒಗೆದ ಪಂಚೆ ಉಟ್ಟು ಬಂದಿದ್ದ. ಬೀಗದ ಕೈ ಎರಡು ಸಲ ಜಾರಿತು. ಮೂರನೆಯ ಸಲ ಬೀಗ ತೆರೆಯಿತು. ಹಿಂದೆ ನಾಲ್ಕು ಬೀದಿಗಳ ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಆ ಗೇಟಿನೊಳಗೆ ಯಾರೇ ಬರಲಿ, "ಮೆಲ್ಲಗೆ, ಮಲಗವ್ರೆ" ಎನ್ನುವುದು ಮಂಚಯ್ಯನ ಜೀವಮಾನದ ರೂಢಿ. ಅವನು ಮಕ್ಕಳ ಕಡೆ ತಿರುಗಿ ಬಾಯಿ ತೆರೆದ.

"ಓಡ್ರೋ!" ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಆಮೇಲೆ ತನ್ನ ಪ್ರಶ್ನೆ ನೆನಪಾಗಿ ತಗ್ಗಿದ ದನಿಯಲ್ಲಿ, "ಹಾಗಾದರೆ ಗದ್ದಿಗೆಯೇ ಬೇಡವೇ, ಗುರುಗಳೇ?" ಎಂದ.

"ಗದ್ದಿಗೆಯ ಮಾತು ಆಮೇಲಾಗಲಿ, ಈ ಮಠದ ಅಂಗಳದಲ್ಲಿ ಮಕ್ಕಳು ಆಡಿ ಎಷ್ಟು ದಿನವಾಯಿತು?" ಎಂದರು ಗುರುಗಳು.

ಶಿಷ್ಯ ಎದ್ದು ಹೋಗಿ ಮಠದ ಹೆಬ್ಬಾಗಿಲ ಅಗಳಿ ತೆಗೆದ.